ಹೆಂಡತಿಯ ಎಲುಬು, ನಾದಿನಿಯ ಕೈ

ಟೊಂಕನೋವು ಶುರುವಾದದ್ದು ಅಕ್ಕಿ ಡಬ್ಬಿ ಸರಿಸಿದ ದಿನ ಎಂದು ನನ್ನ ಹೆಂಡತಿ ಅನ್ನಪೂರ್ಣಾ ಹೇಳುತ್ತಾಳೆ. ಅಲ್ಲ, ಅದಕ್ಕೂ ಮೊದಲು, ಬೇಸಿಗೆಯಲ್ಲಿ ಕಟ್ಟೆಯ ಮೇಲಿಂದ ಏಳುವಾಗ ಬಾಗಿಲ ಚೌಕಟ್ಟು ಹಿಡಿಯತೊಡಗಿದಾಗಲೇ ಎಂದು ನಾನು. ಈ ವಿಷಯದಲ್ಲಿ ನಮಗೆ ಇನ್ನೂ ಒಮ್ಮತವಿಲ್ಲ. ಡಾಕ್ಟರು ಕೇಳಿದಾಗ ಅವರ ಮುಂದೆಯೇ ವಾದ ಮಾಡಿದೆವು.

ನೋವು ಮೊದಮೊದಲು ಬಂದುಹೋಗುತ್ತಿತ್ತು. ಆಮೇಲೆ ಬಂದದ್ದು ಹೋಗಲಿಲ್ಲ. ಜೊತೆಗೆ ದಣಿವು. ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸು ಐವತ್ತು ದಾಟಿತಲ್ಲ, ಇದೆಲ್ಲ ಇದ್ದದ್ದೇ ಎಂದು ಇಬ್ಬರೂ ಸುಮ್ಮನಾದೆವು. ರಕ್ತ ಕಡಿಮೆ ಇದ್ದೀತೆಂದು ಅವಳು ದಿನಾ ಬೀಟ್‌ರೂಟ್ ತಿಂದಳು.

ಇಲ್ಲಿ ನನ್ನ ಬಗ್ಗೆಯೂ ಹೇಳಬೇಕು. ನಾನು ಶೇಖರಪ್ಪ. ಗಂಗಾವತಿಯವನು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ಈಗ ನಿವೃತ್ತ. ನಮಗೆ ಮಕ್ಕಳಿಲ್ಲ. ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಬಂದವನು ನಾನು. ಹಾಗೆ ಹುಟ್ಟಿದವರ ಕಾಲಿಗೆ ನಮ್ಮ ಕಡೆ ಒಂದು ಮರ್ಯಾದೆ ಇದೆ. ಟೊಂಕ ಹಿಡಿದವರು ಬೋರಲು ಮಲಗಬೇಕು, ಅಂಥವನು ಬೆನ್ನಿನ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಬೇಕು, ಉಳುಕು ಬಿಟ್ಟುಹೋಗುತ್ತದೆ ಎಂಬ ನಂಬಿಕೆ. ಭತ್ತದ ನಾಟಿ ಶುರುವಾಯಿತೆಂದರೆ ನವಲಿ ಕಡೆಯಿಂದಲೂ ಮಂದಿ ಬರುತ್ತಿದ್ದರು. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಮೊದಲು ಹಜಾರದಲ್ಲಿ ಸಾಲಾಗಿ ಮಲಗಿರುತ್ತಿದ್ದರು. ಅನ್ನಪೂರ್ಣಾ ಎಲ್ಲರಿಗೂ ಚಹಾ ಕೊಟ್ಟು ಕಳಿಸುತ್ತಿದ್ದಳು. ನನಗೆ ಅದರ ಹೆಮ್ಮೆ ಸಣ್ಣದಿರಲಿಲ್ಲ.

ಆದರೆ ತನ್ನ ಟೊಂಕನೋವಿಗೆ ಅವಳು ನನ್ನ ಹತ್ತಿರ ಬರಲಿಲ್ಲ. ಮೊದಲು ಮುಲಾಮು ಹಚ್ಚಿಕೊಂಡಳು. ಒಂದು ದಿನ ಮನೆಗೆ ಬಂದಾಗ ಅವಳ ಮೈಯಿಂದ ಎಣ್ಣೆಯ ವಾಸನೆ ಬಂತು. ಹಿಂದಿನ ಓಣಿಯಲ್ಲಿ ಬಾಣಂತಿಯರಿಗೆ ಎಣ್ಣೆ ತಿಕ್ಕುವ ಮುದುಕಿಯ ಮನೆಗೆ ಹೋಗಿದ್ದಳು. ಅದೂ ಎರಡನೇ ಸಲ. ನನಗೆ ಮೈ ಉರಿದುಹೋಯಿತು.

“ಊರ ಮಂದಿಗೆಲ್ಲಾ ನನ್ನ ಕಾಲು ಬೇಕು. ನಿನಗ ಮಾತ್ರ ಬ್ಯಾಡೇನು?”

“ಗಂಡನ ಕಾಲು ಮುಟ್ಟಿ ನಮಸ್ಕಾರ ಮಾಡ್ತಾರ್ರಿ. ಟೊಂಕದ ಮ್ಯಾಲೆ ಯಾರು ಇಡಿಸ್ಕೊತಾರ?” ಎಂದು ನಕ್ಕಳು.

ಆ ಮುದುಕಿಯ ಮೇಲೆ ನನಗಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಡುವುದು ಬೇಡ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಅವಳಿಗೇ ಪಾಪ ಅನ್ನಿಸಿರಬೇಕು. ಮೂರನೆಯ ದಿನ ಬೆಳಿಗ್ಗೆ ತಾನಾಗಿಯೇ ಚಾಪೆ ಹಾಸಿ ಬೋರಲು ಮಲಗಿದಳು. “ಸಾವಕಾಶ” ಎಂದಳು.

ಸಾವಕಾಶವಾಗಿಯೇ ಇಟ್ಟೆ.

ಒಣಗಿದ ಹತ್ತಿಕಟ್ಟಿಗೆ ಮುರಿದಂಥ ಸದ್ದು.

ಅವಳು ಚೀರಲಿಲ್ಲ. ಚೀರಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಚಾಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಇದ್ದಳು. ಏಳು ಎಂದೆ. ತಲೆ ಅಲ್ಲಾಡಿಸಿದಳು. ಪಕ್ಕದ ಮನೆಯವರನ್ನು ಕರೆದು ಚಾಪೆ ಸಮೇತ ಎತ್ತಿ ಟಂಟಂ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು.

ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಅಲ್ಲಿಯ ಡಾಕ್ಟರು ಕೇಳಿದರು, “ಎಲ್ಲೆರ ಬಿದ್ದಿದ್ರೇನ್ರಿ?”

“ಇಲ್ರಿ. ನಾನು ತುಳಿದೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಫಿಲ್ಮ್ ನೋಡಿದರು. “ಬರೇ ತುಳಿದದ್ದಕ್ಕ ಹಿಂಗ ಕುಸಿಯಂಗಿಲ್ರಿ. ಎಲುಬಿನ ಒಳಗ ಬ್ಯಾರೆ ಏನೋ ನಡದೈತಿ. ತಡ ಮಾಡಬ್ಯಾಡ್ರಿ, ಹುಬ್ಬಳ್ಳಿಗೆ ಹೋಗ್ರಿ” ಎಂದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ರಕ್ತ, ಮೂತ್ರ ಪರೀಕ್ಷೆ ಆಯಿತು. ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಎರಡನೇ ದಿನವೇ ಹನುಮಸಾಗರದಿಂದ ನೀಲವ್ವ ಬಂದಿಳಿದಳು. ಅನ್ನಪೂರ್ಣಾಳ ತಂಗಿ, ನನ್ನ ನಾದಿನಿ. ಹೊಲ, ಎಮ್ಮೆ, ಮನೆ ಎಲ್ಲವನ್ನೂ ಸೊಸೆಯ ಕೈಗೆ ಹಾಕಿ ಒಂದು ಚೀಲ ಹಿಡಿದು ಬಂದಿದ್ದಳು. ಬಂದವಳೇ ಅಕ್ಕನ ತಲೆಗೂದಲು ಬಿಡಿಸಿ ಬಾಚಲು ಕೂತಳು. ಅಷ್ಟು ದಿನ ಆ ತಲೆ ಬಾಚಿಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ರಿಪೋರ್ಟುಗಳು ಬಂದ ಮೇಲೆ ಡಾಕ್ಟರು ಒಳಗೆ ಕರೆದರು.

ಮಲ್ಟಿಪಲ್ ಮೈಲೋಮಾ.

ಹೆಸರು ಕೇಳಿ ಏನೂ ತಿಳಿಯಲಿಲ್ಲ. ಎಲುಬಿನ ಮಜ್ಜೆಯ ಕ್ಯಾನ್ಸರ್ ಎಂದು ಬಿಡಿಸಿ ಹೇಳಿದಾಗ ತಿಳಿಯಿತು. ಎಲುಬು ಕಲ್ಲಿನಂತೆ ಸುಮ್ಮನೆ ಇರುವ ವಸ್ತು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಅದರೊಳಗೆ ಹಳೆಯದನ್ನು ಕರಗಿಸುವ ಜೀವಕೋಶಗಳು ಇರುತ್ತವೆ, ಹೊಸದನ್ನು ಕಟ್ಟುವ ಜೀವಕೋಶಗಳೂ ಇರುತ್ತವೆ, ಆರೋಗ್ಯವಂತರಲ್ಲಿ ಎರಡೂ ಸರಿಸಮ ದುಡಿಯುತ್ತವೆ. ಈ ರೋಗ ಕರಗಿಸುವವುಗಳನ್ನು ಕೆರಳಿಸಿ, ಕಟ್ಟುವವುಗಳನ್ನು ಮಲಗಿಸಿಬಿಡುತ್ತದೆ. ಎಲುಬಿನಲ್ಲಿ ತೂತುಗಳು ಬೀಳುತ್ತವೆ. ಆಮೇಲೆ ಬಗ್ಗಿದರೂ ಮುರಿಯಬಹುದು, ಕೆಮ್ಮಿದರೂ ಮುರಿಯಬಹುದು.

ನನ್ನ ಬಳಿ ಒಂದೇ ಪ್ರಶ್ನೆ ಇತ್ತು. “ನಾನು ತುಳಿದದ್ದಕ್ಕ ಆತೇನ್ರಿ ಸರ್?”

“ರೋಗ ನೀವು ತಂದದ್ದಲ್ಲ. ಆ ಎಲುಬು ಮೊದಲೇ ಪೊಳ್ಳಾಗಿತ್ತು” ಎಂದರು. “ಆದರ ತುಳೀಬಾರದಿತ್ರಿ. ಇನ್ನ ಮ್ಯಾಲೆ ಯಾರ ಬೆನ್ನಿನ ಮ್ಯಾಲೂ ಕಾಲಿಡಬ್ಯಾಡ್ರಿ. ಯಾರ ಎಲುಬಿನಾಗ ಏನೈತಿ ಅಂತ ನಮಗ ಹೊರಗಿಂದ ಕಾಣಂಗಿಲ್ಲ” ಎಂದರು.

ಅವರು ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವರ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲಿಂದಲೇ.

ಚಿಕಿತ್ಸೆ ಶುರುವಾಯಿತು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಕ್ಯಾಪ್ಸೂಲ್. ಸ್ಟಿರಾಯ್ಡ್ ಗುಳಿಗೆ. ಎಲುಬು ಗಟ್ಟಿಯಾಗಲು ತಿಂಗಳಿಗೊಮ್ಮೆ ಡ್ರಿಪ್. ಡ್ರಿಪ್ ಹಾಕುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಬನ್ನಿ ಎಂದರು, ಆ ಔಷಧಿಯಿಂದ ಅಪರೂಪಕ್ಕೆ ದವಡೆಗೆ ತೊಂದರೆಯಾಗುತ್ತದಂತೆ. ಹುಳುಕು ಹಲ್ಲೊಂದನ್ನು ಮೊದಲೇ ಕೀಳಿಸಿ, ಹುಣ್ಣು ಮಾಯುವ ತನಕ ಕಾಯಬೇಕಾಯಿತು. ಬೆನ್ನಿಗೆ ಎದೆಯಿಂದ ಸೊಂಟದ ತನಕ ಬರುವ ಗಟ್ಟಿ ಬೆಲ್ಟ್ ಕೊಟ್ಟರು. ಮಲಗಿದಲ್ಲೇ ಅದನ್ನು ಕಟ್ಟಬೇಕು, ಕಟ್ಟದೆ ಏಳುವಂತಿಲ್ಲ. ಮೈ ತಿರುಚದೆ ಹೆಗಲು, ಸೊಂಟ, ಮೊಣಕಾಲು ಒಟ್ಟಿಗೇ ಮಗ್ಗುಲಾಗಬೇಕು. ಬೆನ್ನ ಕೆಳಗೆ ಬೆಲ್ಟ್ ತೂರಿಸಬೇಕು. ಮತ್ತೆ ಅಂಗಾತ ಮಾಡಿ ಪಟ್ಟಿ ಬಿಗಿಯಬೇಕು.

“ಮನ್ಯಾಗ ಇದನ್ನ ಯಾರು ಮಾಡೋರು? ಅವರು ಮುಂದ ಬರ್ರಿ, ಕಲಿಸ್ತೀನಿ” ಎಂದಳು ಫಿಸಿಯೋಥೆರಪಿಯ ಹುಡುಗಿ.

ನಾನು ಬಾಗಿಲ ಹತ್ತಿರವಿದ್ದೆ. ಕೈ ಎರಡೂ ಹಿಂದೆ ಇದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಸೆರಗು ಸಿಕ್ಕಿಸಿಕೊಂಡು ಮಂಚದ ಪಕ್ಕ ನಿಂತಾಗಿತ್ತು.

ಅಂದಿನಿಂದ ನನ್ನ ಹೆಂಡತಿ ನೀಲವ್ವನ ಪಾಲಾದಳು.

ಊರಿಗೆ ವಾಪಸು ಬರುವಾಗ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ಅಕ್ಕನ ತಲೆ. ನಾನು ಮುಂದೆ, ಡ್ರೈವರ್ ಪಕ್ಕ. ಹುಬ್ಬಳ್ಳಿಯಿಂದ ಗಂಗಾವತಿಯ ತನಕ ಎಲ್ಲೆಲ್ಲಿ ಹಂಪ್ ಇದೆ, ಕೊಪ್ಪಳ ದಾಟಿದ ಮೇಲೆ ರಸ್ತೆ ಎಲ್ಲಿ ಕಿತ್ತಿದೆ ಎಲ್ಲವೂ ನನಗೆ ಬಾಯಿಪಾಠ. ಪ್ರತಿ ಹಂಪಿಗೂ “ಸಾವಕಾಶ, ಸಾವಕಾಶ” ಎಂದೆ. ಕೊನೆಗೆ ಆ ಡ್ರೈವರ್ ಸಿಟ್ಟಿನಿಂದ, “ನೀವ ಗಾಡಿ ಹೊಡೀತೀರೇನ್ರಿ ಕಾಕಾ?” ಎಂದ. ಹೊಡೆಯುತ್ತಿದ್ದೆ. ಕೈ ನಡುಗದಿದ್ದಿದ್ದರೆ ಖಂಡಿತ ಹೊಡೆಯುತ್ತಿದ್ದೆ. ಆ ಸ್ಟೇರಿಂಗಿನ ಮೇಲಿದ್ದ ಅವನ ಕೈ ಕಂಡೂ ನನಗೆ ಹೊಟ್ಟೆ ಉರಿಯಿತು.

ಮನೆಯಲ್ಲಿ ಹೊಸ ಕಟ್ಟಳೆ ಜಾರಿಗೆ ಬಂತು. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಒಮ್ಮೆಲೇ ತಿರುಗುವಂತಿಲ್ಲ. ಕಾಲಿಗೆ ತೊಡರುವ ಚಾಪೆ, ಕಾಲೊರೆಸುವ ಬಟ್ಟೆ ಎಲ್ಲ ಎತ್ತಿಟ್ಟೆವು. ಬಚ್ಚಲಿಗೆ ಹಿಡಿಕೆ ಕೂಡಿಸಿದೆ. ಅದೊಂದು ಕೆಲಸ ನನ್ನ ಪಾಲಿಗೆ ಬಂದಿತ್ತು, ಗೋಡೆಗೆ ಮೊಳೆ ಹೊಡೆಯುವುದು. ಅವಳ ಮೈಗೆ ಸಂಬಂಧಪಟ್ಟದ್ದೆಲ್ಲ ನೀಲವ್ವನದು. ಬೆಲ್ಟ್ ಕಟ್ಟುವುದು, ಮೀಸುವುದು, ಜಡೆ ಹಾಕುವುದು, ಔಷಧಿಯಿಂದ ಜೋಮು ಹಿಡಿದ ಪಾದ ಒರೆಸುವುದು. ಬೆಳಿಗ್ಗೆ ಬಾಗಿಲು ಮುಚ್ಚಿಕೊಂಡು ಅಕ್ಕತಂಗಿ ಒಳಗೆ ಏನೋ ಮಾತಾಡಿ ನಗುತ್ತಿದ್ದರು. ಹೊರಗೆ ಪೇಪರ್ ಹಿಡಿದು ಕೂತ ನಾನು ಒಂದೇ ಸುದ್ದಿಯನ್ನು ತಿರುತಿರುಗಿ ಓದುತ್ತಿದ್ದೆ. ಕ್ಯಾನ್ಸರ್ ಇರುವ ಹೆಂಗಸಿಗೆ ಅಷ್ಟು ನಗು ಬರಿಸುವ ಮಾತು ಯಾವುದು? ಅದು ನನಗೇಕೆ ಬರುವುದಿಲ್ಲ?

ಸ್ಟಿರಾಯ್ಡ್ ತಗೊಂಡ ದಿನ ಅನ್ನಪೂರ್ಣಾಳಿಗೆ ನಿದ್ದೆ ಕಮ್ಮಿ, ಮಾತು ಜಾಸ್ತಿ. ಆ ಮಾತೆಲ್ಲ ತಂಗಿಗೇ. ತಮ್ಮ ಹುಡುಗುತನ, ತೀರಿಹೋದ ಅವ್ವ, ಯಾರದೋ ಮದುವೆಯಲ್ಲಿ ಕಳೆದ ಬೆಂಡೋಲೆ. ಒಂದು ಸಂಜೆ ನಾನು ಚಹಾ ಮಾಡಿ ಒಯ್ದೆ. ಒಂದು ಗುಟುಕು ಕುಡಿದು, “ನೀಲಾ ಮಾಡಿದ್ದು ಹಿಂಗ ಇರಂಗಿಲ್ಲ” ಎಂದಳು. ತಮಾಷೆಗೆ ಅಂದದ್ದೇ. ನಾನು ಲೋಟ ತಗೊಂಡು ಹೋಗಿ ಬಚ್ಚಲಿಗೆ ಸುರಿದೆ.

ಮಂದಿಯ ಮೇಲೂ ಹೊಟ್ಟೆಕಿಚ್ಚೇ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುವ ಮುದುಕಿಯರನ್ನು ಕಂಡರೆ, ಇವರ ಎಲುಬನ್ನು ಏನು ಹಾಕಿ ಮಾಡಿದ್ದಾರೆ ಎಂದು ಸಿಟ್ಟು. ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು ಕೆಟ್ಟ ರಸ್ತೆಯಲ್ಲಿ ಪುಟಿಯುತ್ತಾ ಹೋಗುವ ಹೆಂಗಸರನ್ನು ಕಂಡರೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ನನ್ನ ಹಳೆಯ ಗಿರಾಕಿಗಳ ಮೇಲೆ. ನಾನು ತುಳಿದ ಟೊಂಕಗಳೆಲ್ಲ ಊರ ತುಂಬ ನೆಟ್ಟಗೆ ಓಡಾಡುತ್ತಿದ್ದವು. ಅವರಲ್ಲಿ ಒಬ್ಬ ಮತ್ತೆ ಟೊಂಕ ಹಿಡಿದುಕೊಂಡು ಬಂದ. ಡಾಕ್ಟರಿಗೆ ತೋರಿಸು ಎಂದೆ. “ಅಲ್ರಿ ಶೇಖರಣ್ಣ, ನಿಮ್ಮ ಕಾಲು ಇರೂತನಕ ಡಾಕ್ಟರ್ ಯಾಕ?” ಎಂದ. ಬಾಗಿಲು ಹಾಕಿಕೊಂಡೆ.

ರಕ್ತದ ರಿಪೋರ್ಟುಗಳಲ್ಲಿ ರೋಗದ ಅಂಶ ಇಳಿಮುಖವಾಗಿತ್ತು. ಔಷಧಿ ಹಿಡಿದಿದೆ ಎಂದು ಡಾಕ್ಟರು ಹೇಳಿದರು. ನಮಗೆ ಸ್ವಲ್ಪ ಧೈರ್ಯ ಬಂತು.

ಆಗ ಒಂದು ಬೆಳಿಗ್ಗೆ, ಮಿಂದಾದ ಮೇಲೆ, ಸ್ಟೂಲಿನ ಮೇಲಿಂದ ಅನ್ನಪೂರ್ಣಾ ಏಳುವಾಗ ಕಾಲು ಸ್ವಲ್ಪ ಸೋತಿತು. ಬೀಳದಿರಲೆಂದು ನೀಲವ್ವ ಕಂಕುಳಿಗೆ ಕೈ ಹಾಕಿ ಹಿಡಿದಳು.

ಒಳಗಿನಿಂದ ಒಂದು ಸಣ್ಣ “ಹಾ” ಕೇಳಿತು.

ಪಕ್ಕೆಲುಬು. ಎಕ್ಸ್‌ರೇಯಲ್ಲಿ ಸೀಳು ಕಂಡಿತು. ಉಸಿರು ಎಳೆದರೆ ನೋವು. ಸೀನು ಬಂದರೆ ದಿಂಬು ಎದೆಗೆ ಒತ್ತಿ ಹಿಡಿಯಬೇಕು.

ಎಕ್ಸ್‌ರೇ ರೂಮಿನ ಹೊರಗೆ ಬೆಂಚಿನ ಮೇಲೆ ನೀಲವ್ವ ಅಳುತ್ತಾ ಕೂತಿದ್ದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೌದು, ಸಂತೋಷವೇ. ನಿನ್ನ ಕೈಯಲ್ಲೂ ಮುರಿಯಿತಲ್ಲ! ಎಷ್ಟು ಹೊತ್ತು ಹಾಗಿತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಅವಳು ತಲೆಯೆತ್ತಿ, “ಮಾಮಾ, ನೀವು ಆವತ್ತಿನಿಂದ ಹೆಂಗ ಉಂಡ್ರಿ, ಹೆಂಗ ಮಲಗಿದ್ರಿ? ನನಗ ಈಗ ತಿಳೀತು” ಎಂದಳು.

ನನ್ನ ಸಂತೋಷ ಅಲ್ಲೇ ಸತ್ತಿತು. ಆ ಪ್ರಶ್ನೆಯನ್ನು ಅಷ್ಟು ದಿನದಲ್ಲಿ ಬೇರೆ ಯಾರೂ ನನ್ನನ್ನು ಕೇಳಿರಲಿಲ್ಲ. ಅವಳ ಪಕ್ಕದಲ್ಲಿ ಕೂತೆ. “ನಿನ್ನ ತಪ್ಪಲ್ಲವ್ವ. ಹಿಡೀಲಿಲ್ಲಂದ್ರ ಬಿದ್ದಿರ್ತಿದ್ಲು” ಎಂದೆ. ನಾನೇ ಆಡಿದ ಮಾತು ನನಗೂ ಸ್ವಲ್ಪ ತಾಗಿತು.

ಡಾಕ್ಟರು ಇಬ್ಬರನ್ನೂ ಕೂಡಿಸಿ ಹೇಳಿದರು. ರೋಗ ಇಳಿದ ಮಾತ್ರಕ್ಕೆ ಎಲುಬಿನ ತೂತುಗಳು ತಕ್ಷಣ ತುಂಬುವುದಿಲ್ಲ, ಕೆಲವು ತುಂಬುವುದೇ ಇಲ್ಲ, ಮುರಿಯುವ ಭಯ ಇದ್ದೇ ಇರುತ್ತದೆ. “ಹಂಗಂತ ಮುಟ್ಟದ ಮಲಗಿಸಿ ಇಟ್ರ ಅದೂ ಕೆಡಕ. ಮಲಗಿದಷ್ಟೂ ಎಲುಬು ಸವೀತಾವು. ಬೆಲ್ಟ್ ಹಾಕಿ ಎಬ್ಬಸ್ರಿ, ದಿನಾ ನಡಸ್ರಿ. ಈಗ ಹೆದರಿ ಬಿಟ್ರ ಆಮ್ಯಾಲೆ ಏಳಾಕ ಆಗಂಗಿಲ್ಲ.”

ತಲೆ ಅಲ್ಲಾಡಿಸಿ ಮನೆಗೆ ಬಂದೆವು. ಪಕ್ಕೆಯ ನೋವಿಗೆ ಗುಳಿಗೆ ಕೊಟ್ಟೆವು. ಆ ದಿನ ಅವಳು ಏಳಲಿಲ್ಲ. ಮರುದಿನ ನೋವು ಇದೆ ಎಂದು ನಾವೇ ಏಳಿಸಲಿಲ್ಲ. ಅದರ ಮರುದಿನಕ್ಕೂ ಒಂದು ನೆಪ ಸಿಕ್ಕಿತು. ಬೆಡ್‌ಪ್ಯಾನ್ ತಂದೆ. ಬೆಲ್ಟ್ ಕುರ್ಚಿಯ ಮೇಲೆ ಬಿದ್ದಿತ್ತು. ಅವಳ ಕಾಲುಗಳು ಹೊದಿಕೆಯ ಕೆಳಗೆ ದಿನದಿನಕ್ಕೆ ತೆಳ್ಳಗಾಗುತ್ತಿರುವುದು ಕಾಣುತ್ತಿತ್ತು. ನೀಲವ್ವ ಅಡುಗೆಮನೆ ಬಿಟ್ಟು ಹೊರಗೆ ಬರುವುದೇ ಕಡಿಮೆಯಾಯಿತು. ಒಳಗಿನಿಂದ ನಗುವೂ ಕೇಳಲಿಲ್ಲ. ವಿಚಿತ್ರವೆಂದರೆ ನನಗೆ ಆ ನಗು ಬೇಕಾಗಿತ್ತು.

ನಾಲ್ಕೈದು ದಿನ ಹೀಗೆ ಕಳೆದ ಮೇಲೆ ಒಂದು ಬೆಳಿಗ್ಗೆ ಅನ್ನಪೂರ್ಣಾ ಇಬ್ಬರನ್ನೂ ಕರೆದಳು. ನೀಲವ್ವ ಬಾಗಿಲಲ್ಲಿ ನಿಂತಳು, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ನಾನು ಕಿಟಕಿಯ ಹತ್ತಿರ ನಿಂತೆ.

“ಬೆಲ್ಟ್ ತರ್ರಿ. ನಾ ಬಚ್ಚಲಕ್ಕ ಹೋಗಬೇಕು. ನಡಕೊಂಡು.”

ನಾನು ನೀಲವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

“ಮಾಮಾ, ನನ್ನ ಕೈಲೆ ಆಗಂಗಿಲ್ರಿ” ಎಂದಳು ನೀಲವ್ವ.

ಅನ್ನಪೂರ್ಣಾ ಮೇಲಿನ ಸೂರು ನೋಡುತ್ತಾ ಮಲಗಿದ್ದಳು. ಪಕ್ಕೆ ನೋಯುವುದರಿಂದ ತುಂಡು ತುಂಡಾಗಿಯೇ ಮಾತಾಡಬೇಕು. “ಇಬ್ಬರೂ ಕೈ ಕಟಗೊಂಡು ನಿಂತ್ರ ನನ್ನ ಎಬ್ಬಸೋರು ಯಾರು? ಹಿಂಗ ಮಲಗಿ ಸಾಯಿ ಅಂತೀರೇನು?”

“ಹಂಗ ಯಾಕ ಅಂತೀ...” ಎಂದೆ.

“ಮತ್ತ ಏನನ್ಲಿ? ನೀಲಾ ಹೋಗ್ಲಿ, ಅಕಿಗೆ ನಿನ್ನೆ ಮೊನ್ನೆ ಹೆದರಿಕಿ ಹತ್ತೈತಿ. ನೀವು? ಆಸ್ಪತ್ರ್ಯಾಗ ಆ ಹುಡುಗಿ ಯಾರು ಕಲೀತೀರಿ ಅಂದ್ಲು, ನೀವು ಬಾಗಲದಾಗ ನಿಂತ್ರಿ. ಅವತ್ತಿನಿಂದ ಒಂದು ಬೆರಳು ಹಚ್ಚಿಲ್ಲ. ನಾ ಬ್ಯಾಡ ಅಂದಿದ್ದೆನೇನ್ರಿ?”

ಅವಳಿಗೆ ನನ್ನ ಕೈ ಬೇಡವಾಗಿದೆ ಎಂದೇ ನಾನು ತಿಂಗಳುಗಟ್ಟಲೆ ಉರಿದಿದ್ದೆ.

“ಇವರಿಗೆ ನನ್ನ ಮೈ ಬ್ಯಾಸರಾಗೈತಿ ಅನ್ಕೊಂಡಿದ್ದೆ” ಎಂದಳು. ಕಣ್ಣಿನ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಪಕ್ಕೆ ಎಳೆಯುತ್ತದೆಂದು ಹಾಗೇ ಬಿಟ್ಟಳು.

ನಾನು ಹೋಗಿ ಒರೆಸಿದೆ.

ಕುರ್ಚಿಯ ಮೇಲಿನ ಬೆಲ್ಟ್ ತಂದೆ. ಯಾವುದು ಮೇಲೆ, ಯಾವುದು ಕೆಳಗೆ ತಿಳಿಯಲಿಲ್ಲ. ಬಾಗಿಲಿನಿಂದಲೇ ನೀಲವ್ವ ಹೇಳತೊಡಗಿದಳು. “ಮಾಮಾ, ತಿರುವಿ ಹಿಡದೀರಿ. ಹಂಗಲ್ಲ. ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕ. ನೋವಿನ ಪಕ್ಕಡಿ ಮ್ಯಾಲೆ ಬರಬೇಕು. ಎರಡೂ ಒಮ್ಮೆ ತಿರುವ್ರಿ.” ಬಾಯಿ ಮುಚ್ಚು ಎನ್ನಬೇಕೆನಿಸಿತು, ಆದರೆ ಅವಳು ಇಲ್ಲದಿದ್ದರೆ ನನಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಹೇಳಿದಂತೆಯೇ ಮಾಡಿದೆ. ಅನ್ನಪೂರ್ಣಾ ನನ್ನ ಕಡೆ ಮಗ್ಗುಲಾದಳು. ಇಷ್ಟು ಹಗುರಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಬೆನ್ನ ಕೆಳಗೆ ಬೆಲ್ಟ್ ತೂರಿಸಿದೆ. ಕಿವಿ ಮಾತ್ರ ಇಡೀ ಹೊತ್ತು ಸದ್ದಿಗಾಗಿಯೇ ಕಾದಿತ್ತು.

ಸದ್ದಾಗಲಿಲ್ಲ.

ಪಟ್ಟಿಯನ್ನು ಸಡಿಲಾಗಿ ಅಂಟಿಸಿದೆ.

“ಬಿಗೀರಿ” ಎಂದಳು.

ಸ್ವಲ್ಪ ಎಳೆದೆ.

“ಇನ್ನೂ ಬಿಗೀರಿ. ಸಡ್ಲ ಇದ್ರ ಹಾಕಿ ಏನು ಉಪಯೋಗ?”

ಎಳೆದೆ. ಕಾಲುಗಳನ್ನು ಮಂಚದ ಕೆಳಗೆ ಇಳಿಬಿಟ್ಟು ಕೂಡಿಸಿದೆ. ತಲೆ ತಿರುಗುವುದು ನಿಂತ ಮೇಲೆ ಅವಳು ನನ್ನ ಮುಂಗೈ ಹಿಡಿದು ಎದ್ದಳು. ಕಂಕುಳಿಗೆ ನಾನು ಕೈ ಹಾಕಲಿಲ್ಲ. ನಡೆದಳು. ಬಚ್ಚಲು ಅಷ್ಟು ದೂರ ಇದೆಯೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ನೀಲವ್ವ ಬಾಗಿಲು ಬಿಟ್ಟು ಸರಿದು ನಮಗೆ ದಾರಿ ಮಾಡಿಕೊಟ್ಟಳು.

ಈಗ ಆ ಪಕ್ಕೆಲುಬು ಕೂಡಿಕೊಂಡಿದೆ. ಬೆನ್ನಿನ ಆ ಎಲುಬು ಕುಸಿದಷ್ಟು ಕುಸಿದು ನಿಂತಿದೆ, ಅವಳು ಎತ್ತರದಲ್ಲಿ ಸ್ವಲ್ಪ ಕಡಿಮೆಯಾಗಿದ್ದಾಳೆ, ಸೀರೆಯ ನೆರಿಗೆ ನೆಲಕ್ಕೆ ತಾಗುತ್ತದೆಂದು ಗೊಣಗುತ್ತಾಳೆ. ರೋಗ ಹೋಗಿಲ್ಲ, ಹತೋಟಿಯಲ್ಲಿದೆ. ಹೋಗುತ್ತದೆಂದು ಡಾಕ್ಟರು ಹೇಳಿಲ್ಲ, ನಾವೂ ಕೇಳುತ್ತಿಲ್ಲ. ಯಾವ ದಿನ ಯಾವ ಎಲುಬು ಎಂದು ಈಗಲೂ ನನಗೆ ಅಂಜಿಕೆ ಇದೆ. ಆದರೆ ದಿನಾ ಸಂಜೆ ಓಣಿಯ ಕೊನೆಯ ತನಕ ನಡೆದು ಬರುತ್ತೇವೆ. ಇಂಜೆಕ್ಷನ್ ಈಗ ಕೊಪ್ಪಳದಲ್ಲೇ ಆಗುತ್ತದೆ, ಬಾಡಿಗೆ ಕಾರು ತಂದು ನಾನೇ ಹೊಡೆಯುತ್ತೇನೆ. ಇದಿಷ್ಟಕ್ಕೆ ದೇವರಿಗೂ ಡಾಕ್ಟರಿಗೂ ನಾನು ಋಣಿ. ನೀಲವ್ವನಿಗೂ. ಅದನ್ನು ಬರೆಯಲು ಸ್ವಲ್ಪ ಕಷ್ಟವಾದರೂ ಬರೆದಿದ್ದೇನೆ.

ಅವಳು ಹನುಮಸಾಗರಕ್ಕೆ ವಾಪಸು ಹೋಗಿದ್ದಾಳೆ. ಹೋದರೂ ಬೆಳಿಗ್ಗೆ ತಪ್ಪದೆ ಫೋನ್ ಮಾಡುತ್ತಾಳೆ. ಸರಿಯಾಗಿ ನಾನು ಬೆಲ್ಟ್ ಹಿಡಿದು ಬರುವ ಹೊತ್ತಿಗೇ ಮಾಡುತ್ತಾಳೆ. ಅಕ್ಕತಂಗಿ ಮಾತಾಡುತ್ತಾರೆ, ನಗುತ್ತಾರೆ. ನಾನು ಮಂಚದ ಪಕ್ಕದಲ್ಲಿ ಕಾಯುತ್ತಾ ನಿಂತಿರುತ್ತೇನೆ, ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು. ಕೊನೆಗೆ ಅನ್ನಪೂರ್ಣಾ, “ಇಡ್ತೀನವ್ವಾ, ಇವರು ನಿಂತಾರ” ಎಂದು ಫೋನ್ ದಿಂಬಿನ ಹತ್ತಿರ ಇಟ್ಟು, ನನ್ನ ಕಡೆ ಮಗ್ಗುಲಾಗುತ್ತಾಳೆ.